ಕಾವು

ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದಾಗ ಒಳಗೆ ಬೆಣ್ಣೆ ಕಂಡರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಮೇಷ್ಟರಿಗೂ ಹಾಗೇ ಆಯಿತು. ಆಷಾಢದ ಒಂದು ಬೆಳಿಗ್ಗೆ. ತೀರ್ಥಹಳ್ಳಿಯ ಮನೆಯ ಪಕ್ಕದ ಶೆಡ್ಡು, ಹೆಗಲ ಮೇಲೆ ಟವೆಲು, ಕೈಯಲ್ಲಿ ಟಾರ್ಚು. ಬಿಳಿ ಮಾರುತಿ 800ರ ಬಾನೆಟ್ ಎತ್ತಿ ನೋಡುತ್ತಾರೆ, ಮುಚ್ಚಳದ ಒಳಮೈಗೆ ಬೆರಳು ದಪ್ಪ ಏನೋ ಮೆತ್ತಿಕೊಂಡಿದೆ. ಹಳದಿಯೂ ಅಲ್ಲ, ಕಂದೂ ಅಲ್ಲ. ಮುಟ್ಟಿದರೆ ಜಾರುತ್ತದೆ, ಮೂಸಿದರೆ ಪೆಟ್ರೋಲು ನಾರುತ್ತದೆ. ಅದನ್ನು ತೋರುಬೆರಳಿನ ತುದಿಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ನಡೆದರು.

ಮನೆಯಾಕೆ ಕಾವಲಿಯ ಮುಂದಿದ್ದರು. ಬೆರಳನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರು.

"ಬೆಣ್ಣೆ ಬಂದಿದೆ ಅಂದ್ರೆ ಒಳಗೆ ಎಂತದೋ ಕಡೀತಾ ಇದೆ ಅಂತಾಯ್ತಲ್ಲ" ಎಂದು ದೋಸೆ ಮಗುಚಿದರು.

ಆ ಮಾತು ನೂರಕ್ಕೆ ನೂರು ನಿಜ ಎಂದು ಮೇಷ್ಟರಿಗೆ ತಿಳಿಯಲು ಮೂರು ವಾರ ಹಿಡಿಯಿತು. ಆ ಹೊತ್ತಿಗೆ ಅವರ ತಲೆಯಲ್ಲಿ ಇದ್ದದ್ದು ಒಂದೇ ಶಬ್ದ, ಹೆಡ್ ಗ್ಯಾಸ್ಕೆಟ್. ಎಂಜಿನ್ನಿನ ತಲೆಗೂ ಮೈಗೂ ನಡುವಿನ ಆ ತೆಳು ಹಾಳೆ ಹರಿದರೆ ರೇಡಿಯೇಟರಿನ ನೀರು ಆಯಿಲ್ಲಿಗೆ ನುಗ್ಗಿ ಇಂಥದ್ದೇ ಬೆಣ್ಣೆ ಏಳುತ್ತದೆ, ರಿಪೇರಿಗೆ ಒಂದು ತಿಂಗಳ ಸಂಬಳ ಬೇಕು ಎಂದು ಸ್ಟಾಫ್‌ರೂಮಿನಲ್ಲಿ ಯಾರೋ ಹೇಳಿದ್ದರು. ಆದರೆ ರೇಡಿಯೇಟರ್ ನೋಡಿದರೆ ನೀರು ಕುತ್ತಿಗೆಯವರೆಗೆ ಇದೆ, ಒಂದು ಲೋಟವೂ ಕಮ್ಮಿಯಾಗಿಲ್ಲ. ಹಾಗಾದರೆ ಈ ನೀರು ಬಂದದ್ದು ಎಲ್ಲಿಂದ?

ಕತೆಯ ಬೇರು ಹಿಂದಿನ ಮೇ ತಿಂಗಳಲ್ಲಿತ್ತು. ಉಡುಪಿಯಲ್ಲಿ ಮದುವೆ ಮುಗಿಸಿ ಆಗುಂಬೆ ಘಾಟಿ ಹತ್ತುತ್ತಿದ್ದರು. ಹದಿನಾಲ್ಕು ತಿರುವುಗಳ ಘಾಟಿ. ಕಾರಿನಲ್ಲಿ ಐದು ಜನ, ಡಿಕ್ಕಿಯಲ್ಲಿ ಅರ್ಧ ಗೋಣಿ ತೆಂಗಿನಕಾಯಿ, ಎದುರಿಗೆ ಕಪ್ಪು ಹೊಗೆ ಬಿಡುವ ಲಾರಿ. 796 ಸಿಸಿಯ ಮೂರು ಸಿಲಿಂಡರು ಎರಡನೇ ಗೇರಿನಲ್ಲಿ ನರಳಿ ನರಳಿ ಹತ್ತುತ್ತಿರುವಾಗ ಹನ್ನೊಂದನೇ ತಿರುವಿನಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಮೇಷ್ಟರು ಕಾರು ನಿಲ್ಲಿಸಿ, ಕಲ್ಲು ಕೊಟ್ಟು, ಕೆಳಗಿಳಿದು ನಿಂತರು. ಅರ್ಧ ಗಂಟೆ ಮಂಗಗಳು ಅವರನ್ನೂ ಅವರು ಮಂಗಗಳನ್ನೂ ನೋಡುತ್ತ ಕಳೆದರು.

ಹಬೆ ಕಂಡಾಗ ಅವರಿಗೆ ನೆನಪಾದದ್ದು ಬಾಲ್ಯದ ಅಂಬಾಸಿಡರ್ ಟ್ಯಾಕ್ಸಿ. ಘಾಟಿಯ ನಡುವೆ ಒರತೆ ಇರುವ ಜಾಗದಲ್ಲಿ ಡ್ರೈವರು ಕಾರು ನಿಲ್ಲಿಸಿ, "ಸ್ವಲ್ಪ ನೀರು ಕುಡಿಸ್ತೀನಿ" ಎನ್ನುತ್ತಿದ್ದ, ಎತ್ತಿಗೆ ಹೇಳುವ ಹಾಗೆ. ಒದ್ದೆ ಗೋಣಿಯನ್ನು ರೇಡಿಯೇಟರ್ ಮುಚ್ಚಳದ ಮೇಲೆ ಹಾಕಿ, ಮುಖ ಆಚೆ ತಿರುಗಿಸಿ, ಕಾಲು ತಿರುವು. ಬುಸ್ಸೆಂದು ಹಬೆ. ಮಕ್ಕಳೆಲ್ಲ ಹೋ ಎಂದು ಓಡುವುದು. ಅದೂ ಒಂದು ಕುಕ್ಕರೇ. ಮುಚ್ಚಳ ಒತ್ತಡ ಹಿಡಿದಿಟ್ಟುಕೊಂಡಿರುವುದರಿಂದ ನೀರು ನೂರು ದಾಟಿದರೂ ಕುದಿಯದೆ ಕೂತಿರುತ್ತದೆ, ತೆಗೆದ ಕ್ಷಣ ಮುಖಕ್ಕೆ ಹಾರುತ್ತದೆ. ಅಂಥ ಎಂಜಿನ್ನುಗಳ ಜೊತೆ ಬೆಳೆದ ತಲೆಮಾರಿಗೆ 'ಎಂಜಿನ್ ಹೀಟ್ ಆಯ್ತು' ಎನ್ನುವುದು ಊರಿಗೆ ಸಿಡುಬು ಬಂತು ಎನ್ನುವಷ್ಟೇ ಭಯದ ಮಾತು.

ಅದಕ್ಕೇ ಇರಬೇಕು, ಗ್ಯಾರೇಜಿನಲ್ಲಿ ಹುಡುಗ ಹೇಳಿದ್ದು ಅವರಿಗೆ ಥಟ್ಟನೆ ಒಪ್ಪಿಗೆಯಾಯಿತು. ಹುಡುಗ ಎಂದರೆ ಮೇಷ್ಟರ ಹಳೆಯ ಶಿಷ್ಯ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಮೂವತ್ತೈದು ಬಂದು ಪಾಸಾದವನು, ಈಗ ಊರಿನ ಅರ್ಧ ಕಾರುಗಳ ನಾಡಿ ಹಿಡಿಯುವವನು. ಮೇಲಿನ ಹೋಸ್ ಬಿಚ್ಚಿ, ಎರಡು ಬೋಲ್ಟ್ ಕಳಚಿ, ಒಳಗಿನಿಂದ ಗುಂಡಗಿನ ಒಂದು ಹಿತ್ತಾಳೆಯ ವಸ್ತು ಎತ್ತಿದ. ನಡುವೆ ಸ್ಪ್ರಿಂಗು, ಮೈಯೆಲ್ಲ ಕೆಂಪು ರಾಡಿ. ವರ್ಷಗಟ್ಟಲೆ ಕೂಲೆಂಟ್ ಬದಲು ನಲ್ಲಿ ನೀರು ಹಾಕಿದ್ದಕ್ಕೆ ಬಂದ ತುಕ್ಕು.

"ಇದೇ ಸಾರ್ ಕಳ್ಳ. ಥರ್ಮೋಸ್ಟಾಟ್ ವಾಲ್ವು. ಅರ್ಧ ತೆಗೆದು ಅಲ್ಲೇ ಜಾಮಾಗಿದೆ. ಇದೆಲ್ಲ ಚಳಿ ದೇಶದವರಿಗೆ ಮಾಡಿದ್ದು, ನಮ್ಮೂರಿಗೆ ಎಂತಕ್ಕೆ? ಇಲ್ಲದೇ ಓಡಿಸಿ, ಎಂಜಿನ್ ಜನ್ಮದಲ್ಲಿ ಬಿಸಿಯಾಗಲ್ಲ."

ವಾಲ್ವನ್ನು ಮೂಲೆಯ ಡಬ್ಬಕ್ಕೆ ಎಸೆದ. ಟಣ್ ಎಂದಿತು. ಡಬ್ಬದಲ್ಲಿ ಅದರ ಅಣ್ಣತಮ್ಮಂದಿರು ಆಗಲೇ ಹತ್ತಾರು ಮಂದಿ ಇದ್ದರು.

ಶಿಷ್ಯನನ್ನು ಬೈಯುವ ಹಾಗಿಲ್ಲ. ಅವನು ಮಾಡಿದ್ದು ನಮ್ಮ ಅಜ್ಜಿಯರೆಲ್ಲ ಮಾಡುತ್ತ ಬಂದದ್ದನ್ನೇ. ಕಣ್ಣು ಉರಿದರೂ ಉಷ್ಣ, ಬಾಯಿ ಹುಣ್ಣಾದರೂ ಉಷ್ಣ, ಪರೀಕ್ಷೆಯಲ್ಲಿ ಫೇಲಾದರೂ ತಲೆಗೆ ಉಷ್ಣ ಏರಿತ್ತು. ಮದ್ದು ಎಳನೀರು, ಮೆಂತ್ಯ, ನೆತ್ತಿಗೆ ಹರಳೆಣ್ಣೆ. ನಮ್ಮ ಕಡೆ 'ತಂಪು' ಎನ್ನುವುದು ಹವಾಮಾನದ ಶಬ್ದವಲ್ಲ, ಆಶೀರ್ವಾದ. ಹೊಟ್ಟೆ ತಣ್ಣಗಿರಲಿ ಎನ್ನುತ್ತೇವೆ, ಬಿಸಿಯಾಗಿರಲಿ ಎನ್ನುವುದಿಲ್ಲ. ಕಾರಿನ ಹೊಟ್ಟೆಯೂ ತಣ್ಣಗಿದ್ದರೆ ಆಯಸ್ಸು ಹೆಚ್ಚೀತು ಎಂದು ಮೇಷ್ಟರು ನಂಬಿದರು. ಮುಳ್ಳು ತಳಬಿಟ್ಟು ಏಳದೇ ಮಲಗಿದ್ದನ್ನು ಕಂಡು ದಿನವೂ ಹಿಗ್ಗಿದರು. ಮಳೆಗಾಲ ಹಿಡಿಯಿತು. ಶಾಲೆಗೆ ಎರಡೂವರೆ ಕಿಲೋಮೀಟರು, ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡುವುದು, ಸಂಜೆ ಮತ್ತೆ ಚೋಕ್ ಎಳೆದು ವಾಪಸ್ಸು.

ಇನ್ನೊಂದು ಹೆಮ್ಮೆಯೂ ಸೇರಿಕೊಂಡಿತು. ವಾರಕ್ಕೊಮ್ಮೆ ಆಯಿಲ್ ಕಡ್ಡಿ ಎಳೆದು ಒರೆಸಿ ನೋಡಿದರೆ ಮಟ್ಟ ಇಳಿದೇ ಇಲ್ಲ! ಸ್ಟಾಫ್‌ರೂಮಿನಲ್ಲಿ ಹೇಳಿಯೂ ಹೇಳಿದರು, "ನನ್ನ ಕಾರು ಒಂದು ತೊಟ್ಟು ಎಣ್ಣೆ ಕುಡಿಯೋದಿಲ್ಲ." ಜೂನ್ ಕೊನೆಗೆ ಮಟ್ಟ ಒಂದು ಕೂದಲೆಳೆ ಮೇಲಕ್ಕೇ ಹೋದಂತೆ ಕಂಡಿತು. ಅದನ್ನು ಕನ್ನಡಕದ ತಪ್ಪು ಎಂದುಕೊಂಡರು.

ಜುಲೈಯಲ್ಲಿ ಬೆಣ್ಣೆ ಬಂತು.

ಸರಿಯಾಗಿ ಮೂರನೇ ವಾರ, ಹತ್ತನೇ ತರಗತಿಯ ಪಾಠ. ಕಪ್ಪುಹಲಗೆಯ ಮೇಲೆ ಮೇಷ್ಟರು ಇಪ್ಪತ್ತೆಂಟು ವರ್ಷಗಳಿಂದ ಬರೆಯುತ್ತ ಬಂದ ದಹನದ ಸಮೀಕರಣ ಬರೆಯುತ್ತಿದ್ದರು. ಒಂದು ಆಕ್ಟೇನ್ ಅಣು ಆಮ್ಲಜನಕದಲ್ಲಿ ಪೂರ್ತಿ ಉರಿದರೆ ಎಂಟು ಅಣು ಇಂಗಾಲದ ಡೈಆಕ್ಸೈಡು, ಒಂಬತ್ತು ಅಣು... ಸೀಮೆಸುಣ್ಣ ಅಲ್ಲೇ ನಿಂತಿತು. ಒಂಬತ್ತು ಅಣು ನೀರು. ಮಕ್ಕಳು ಮೇಷ್ಟರಿಗೆ ತಲೆ ಸುತ್ತು ಬಂತೆಂದುಕೊಂಡರು. ಮೇಷ್ಟರು ಅಂಚಿನಲ್ಲಿ ಲೆಕ್ಕ ಹಾಕುತ್ತಿದ್ದರು. ಒಂದು ಲೀಟರು ಪೆಟ್ರೋಲ್ ಸುಟ್ಟರೆ ಸುಮಾರು ಒಂದು ಲೀಟರು ನೀರು ಹುಟ್ಟುತ್ತದೆ. ಬೆಳಗಿನ ಹೊತ್ತು ಸೈಲೆನ್ಸರ್ ತುದಿಯಿಂದ ತೊಟ್ಟಿಕ್ಕುವ ನೀರು ಅದೇ. ಬಹುಪಾಲು ಹಬೆಯಾಗಿ ಹಿಂದಿನಿಂದ ಹೋಗುತ್ತದೆ. ಒಂದಿಷ್ಟು ಮಾತ್ರ ಪಿಸ್ಟನ್ ಉಂಗುರಗಳ ಸಂದಿಯಿಂದ ಕೆಳಕ್ಕೆ ನುಸುಳಿ ಆಯಿಲ್ ಇರುವ ಕೋಣೆಗೆ ಇಳಿಯುತ್ತದೆ. ಅಲ್ಲಿ ಬಿಸಿಯಿದ್ದರೆ ಹಬೆಯಾಗಿಯೇ ಉಳಿದು, ಗಾಳಿಕೊಳವೆಯಿಂದ ಮತ್ತೆ ಎಂಜಿನ್ನಿನ ಬಾಯಿಗೆ ಸೇರಿ ಹೊರಬೀಳುತ್ತದೆ. ಬಿಸಿಯಿಲ್ಲದಿದ್ದರೆ ಮಳೆಗಾಲದ ಗೋಡೆಯ ಹಾಗೆ ಒಳಮೈಯೆಲ್ಲ ಬೆವರಿ, ಆ ಬೆವರು ಆಯಿಲ್ಲಿನ ಜೊತೆ ಸೇರಿ, ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುವ ಕ್ರ್ಯಾಂಕು ಕಡೆಗೋಲಾಗಿ...

ಬೆಣ್ಣೆ.

ಇಳಿಯದ ಮಟ್ಟದ ಗುಟ್ಟೂ ಬಯಲಾಯಿತು. ತಣ್ಣಗಿನ ಎಂಜಿನ್ನಿಗೆ ಚೋಕ್ ಎಳೆದು ಕುಡಿಸಿದ ಹೆಚ್ಚಿನ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಸಿಲಿಂಡರ್ ಗೋಡೆಯ ಆಯಿಲ್ಲನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ಕಾರು ಆಯಿಲ್ ಕುಡಿಯುತ್ತಲೇ ಇತ್ತು, ಕುಡಿದಷ್ಟಕ್ಕೆ ನೀರು-ಪೆಟ್ರೋಲು ಬೆರೆಸಿ ಮಟ್ಟ ಸರಿ ಮಾಡಿಡುತ್ತಿತ್ತು. ಹಾಲಿನವನ ಲೆಕ್ಕ! ಹಾಲಿಗೆ ಬೆರೆಸಿದ ನೀರನ್ನು ನಾಲಿಗೆಯ ತುದಿಯಲ್ಲೇ ಕಂಡುಹಿಡಿಯುವ ಮೇಷ್ಟರಿಗೆ ತಮ್ಮ ಕಾರಿನ ಹೊಟ್ಟೆಯಲ್ಲಿದ್ದದ್ದು ಕಾಣಲಿಲ್ಲ. ಶಿಷ್ಯನಿಗೆ ಮೂವತ್ತೈದು ಬಂದಿತ್ತು. ಅವತ್ತು ತಮಗೆ ಎಷ್ಟು ಕೊಡಬಹುದು ಎಂದು ಯೋಚಿಸಿ, ಪರೀಕ್ಷೆ ಮುಂದೂಡಿದರು.

ದೋಸೆ ಮಾಡುವವರಿಗೆ ಇದನ್ನೆಲ್ಲ ಇಷ್ಟು ಸುತ್ತಿ ಹೇಳಬೇಕಿಲ್ಲ. ಕಾವಲಿಗೆ ಕಾವು ಬರುವ ಮುಂಚೆ ಹುಯ್ದ ಮೊದಲ ದೋಸೆ ಏಳುವುದಿಲ್ಲ, ಕೆರೆದು ತೆಗೆದು ಆಕಳಿಗೆ ಹಾಕಬೇಕು. ಕಾವು ಮೀರಿದರೂ ಅಷ್ಟೆ, ಹಿಟ್ಟು ಹರಡುವ ಮೊದಲೇ ಕಚ್ಚಿಕೊಳ್ಳುತ್ತದೆ. ಅದಕ್ಕೇ ಎರಡು ದೋಸೆಯ ನಡುವೆ ಚಿಟಿಕೆ ನೀರು ಚಿಮುಕಿಸಿ, ಅದು ಚುಂಯ್ ಎನ್ನುವ ದನಿ ಕೇಳಿ, ಅರ್ಧ ಈರುಳ್ಳಿಯಲ್ಲಿ ಒರೆಸಿ, ಆಮೇಲೆ ಹಿಟ್ಟು. ಕಾರಿನಲ್ಲಿ ಈ ಕೆಲಸಕ್ಕಿದ್ದ ಕೈಯನ್ನೇ ಶಿಷ್ಯ ಡಬ್ಬಕ್ಕೆ ಎಸೆದಿದ್ದ. ಥರ್ಮೋಸ್ಟಾಟ್ ಎಂಜಿನ್ನನ್ನು ತಂಪು ಮಾಡುವ ಸಾಮಾನಲ್ಲ. ಒಳಗಿನ ನೀರು ಹದಕ್ಕೆ ಬರುವವರೆಗೆ ಅದನ್ನು ರೇಡಿಯೇಟರಿಗೆ ಬಿಡದೆ ಬಾಗಿಲು ಹಾಕಿಕೊಂಡು ಕೂರುವ ಕಾವಲುಗಾರ.

ಆ ಕಾವಲುಗಾರನ ವಂಶ ಕೆದಕಿದರೆ ಮೂಲದಲ್ಲಿ ಸಿಗುವುದು ಕೋಳಿಮೊಟ್ಟೆ. 17ನೇ ಶತಮಾನದ ಆರಂಭದಲ್ಲಿ ಕಾರ್ನೆಲಿಸ್ ಡ್ರೆಬೆಲ್ ಎಂಬ ಡಚ್ ಕುಶಲಕರ್ಮಿ ಹೇಂಟೆಯಿಲ್ಲದೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಮಾಡಿದ. ಬಿಸಿ ಹೆಚ್ಚಾದರೆ ನಳಿಗೆಯೊಳಗಿನ ಮದ್ಯಸಾರ ಹಿಗ್ಗಿ ಪಾದರಸವನ್ನು ತಳ್ಳಿ ಒಲೆಯ ಗಾಳಿಕಂಡಿ ಮುಚ್ಚುತ್ತಿತ್ತು. ಥರ್ಮೋಸ್ಟಾಟ್ ಎಂಬ ಹೆಸರು ಬಂದದ್ದು 1830ರಲ್ಲಿ, ಸ್ಕಾಟ್ಲೆಂಡಿನ ಆಂಡ್ರ್ಯೂ ಯೂರ್ ಎಂಬ ರಸಾಯನಶಾಸ್ತ್ರಜ್ಞನಿಂದ. ಫೋರ್ಡ್ ಮಾಡೆಲ್ ಟಿಯಂಥ ಕಾರು ಅದಿಲ್ಲದೆ, ಬಹುಪಾಲು ನೀರಿನ ಪಂಪೂ ಇಲ್ಲದೆ, ಬಿಸಿನೀರು ತಾನೇ ಮೇಲೇರುವ ಗುಣವನ್ನು ನಂಬಿ ಓಡಿತು. 1914ರಲ್ಲಿ ಕ್ಯಾಡಿಲಾಕ್ ತನ್ನ ಎಂಟು ಸಿಲಿಂಡರ್ ಎಂಜಿನ್ನಿಗೆ ಥರ್ಮೋಸ್ಟಾಟ್ ಕೂರಿಸಿತು. 1930ರ ದಶಕದಲ್ಲಿ ಅಮೆರಿಕದ ಸರ್ಜಿಯಸ್ ವರ್ನೆ ಒಂದು ಪುಟ್ಟ ಲೋಹದ ಕರಡಿಗೆಯಲ್ಲಿ ಮೇಣ ತುಂಬಿ, ಅದು ಕರಗಿ ಹಿಗ್ಗುವ ಬಲದಿಂದಲೇ ಬಾಗಿಲು ತೆರೆಯುವಂತೆ ಮಾಡಿದ. ಇವತ್ತಿಗೂ ಸಾಮಾನ್ಯ ಕಾರುಗಳಲ್ಲಿರುವುದು ಆ ಮೇಣವೇ. ಕರೆಂಟು ಬೇಡ, ತಂತಿ ಬೇಡ.

ಚಳಿ ದೇಶದವರ ಕತೆ ಶಿಷ್ಯ ಹೇಳಿದ್ದಕ್ಕೆ ತಿರುಗುಮುರುಗಾಗಿತ್ತು. ನೀರು ಹೆಪ್ಪುಗಟ್ಟದಿರಲೆಂದು ಅಮೆರಿಕದವರು ಚಳಿಗಾಲದಲ್ಲಿ ರೇಡಿಯೇಟರಿಗೆ ಆಲ್ಕೋಹಾಲ್ ಹಾಕುತ್ತಿದ್ದ ಕಾಲವೊಂದಿತ್ತು. ಬಿಸಿ ಹೆಚ್ಚಾದರೆ ಅದು ಆವಿಯಾಗಿ ಹಾರಿಹೋಗುತ್ತಿತ್ತು. ಹಾಗಾಗಿ ಬೇಗ ತೆರೆಯುವ, 71 ಡಿಗ್ರಿಯ ಆಸುಪಾಸಿನ ವಾಲ್ವು ಹಾಕಿಕೊಳ್ಳುತ್ತಿದ್ದರು. ಕಮ್ಮಿ ಬಿಸಿಯ ವಾಲ್ವು ಅಲ್ಲಿ ಬೇಕಾಗಿದ್ದು ಬೇಸಿಗೆಗಲ್ಲ, ಚಳಿಗೆ. 1920ರ ದಶಕದ ಕೊನೆಯಿಂದ ಸುಲಭಕ್ಕೆ ಆವಿಯಾಗದ ಎಥಿಲೀನ್ ಗ್ಲೈಕಾಲ್ ಬಳಕೆಗೆ ಬಂದಂತೆ ಆ ಮುಲಾಜು ತಪ್ಪಿ, ಎಂಜಿನ್ನುಗಳು ಬಿಸಿ ಬಿಸಿಯಾಗಿಯೇ ಓಡತೊಡಗಿದವು.

ಮೇಷ್ಟರು ಹೊಸ ವಾಲ್ವು ತರಲು ಶಿವಮೊಗ್ಗಕ್ಕೆ ಹೊರಟರು. ಅಂಗಡಿಯವನಿಗೆ ಸಾಕ್ಷಿ ತೋರಿಸಲೆಂದು ಬೆಣ್ಣೆಯನ್ನು ಒರೆಸದೆ ಹಾಗೇ ಬಿಟ್ಟಿದ್ದರು. ಅರವತ್ತು ಕಿಲೋಮೀಟರ್ ಓಡಿಸಿ, ಅಂಗಡಿಯ ಮುಂದೆ ಬಾನೆಟ್ ಎತ್ತಿ, ಗತ್ತಿನಿಂದ ಮುಚ್ಚಳ ತೆಗೆದರೆ ಅರ್ಧಕ್ಕರ್ಧ ಬೆಣ್ಣೆ ಮಾಯ! ದೂರದ ಓಟಕ್ಕೆ ಆಯಿಲ್ ಕೊನೆಗೂ ಬಿಸಿಯಾಗಿ, ನೀರು ಹಾರಿಹೋಗಿತ್ತು. ಡಾಕ್ಟರ ಮುಂದೆ ಕೂತ ತಕ್ಷಣ ಕೆಮ್ಮು ನಿಲ್ಲುವ ಹಾಗೆ.

ಅಂಗಡಿಯವನು ಎರಡು ವಾಲ್ವು ಮುಂದಿಟ್ಟ. ಒಂದರ ಮೈಮೇಲೆ 82 ಎಂದು ಒತ್ತಿತ್ತು, ಇನ್ನೊಂದರ ಮೇಲೆ 76.5. "ನಮ್ಮ ಸೆಕೆಗೆ ಇದು ಒಳ್ಳೇದು ಸಾರ್" ಎಂದು ಎರಡನೆಯದನ್ನು ಬೆರಳಲ್ಲಿ ತಳ್ಳಿದ. ತೆಗೆದುಹಾಕುವುದು ಅತಿಯಾಯಿತು, ಒಂದಿಷ್ಟು ತಂಪಾದದ್ದು ಹಾಕಿದರೆ? ಮಧ್ಯಮ ಮಾರ್ಗ ಕಂಡ ಕೂಡಲೇ ಮರುಳಾಗುವುದು ಮೇಷ್ಟರ ಸ್ವಭಾವ. ಆದರೆ ಒಮ್ಮೆ ಕೆಟ್ಟು ಬುದ್ಧಿ ಬಂದಿತ್ತು, ಎರಡನ್ನೂ ಕೊಂಡರು.

ಭಾನುವಾರ ಮನೆಯಾಕೆ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಹಾಲು ಕಾಯಿಸುವ ಪಾತ್ರೆಗೆ ನೀರು ತುಂಬಿ ಗ್ಯಾಸ್ ಮೇಲಿಟ್ಟರು. ಶಾಲೆಯ ಲ್ಯಾಬಿನ ಥರ್ಮಾಮೀಟರನ್ನು ತಳ ಮುಟ್ಟದ ಹಾಗೆ ಇಳಿಬಿಟ್ಟರು. ಉಪಾಯ ಹಳೆಯದು. ವಾಲ್ವಿನ ಬಾಗಿಲನ್ನು ಹೆಬ್ಬೆರಳಲ್ಲಿ ಒತ್ತಿ ತೆರೆದು, ಸಂದಿಯಲ್ಲಿ ಹೊಲಿಗೆ ದಾರ ಸಿಕ್ಕಿಸಿ ಬಿಟ್ಟರೆ ಸ್ಪ್ರಿಂಗು ದಾರವನ್ನು ಕಚ್ಚಿಕೊಳ್ಳುತ್ತದೆ. ದಾರವನ್ನು ಅಡ್ಡ ಸೌಟಿಗೆ ಕಟ್ಟಿ ವಾಲ್ವನ್ನು ನೀರಿನಲ್ಲಿ ತೂಗುಬಿಡುವುದು. ಬಾಗಿಲು ತೆರೆದ ಕ್ಷಣ ದಾರ ಜಾರಿ ವಾಲ್ವು ತಳಕ್ಕೆ ಬೀಳುತ್ತದೆ. ಸ್ಪ್ರಿಂಗು ಎಷ್ಟು ಬಿಗಿಯೆಂದರೆ ಎರಡನೆಯದಕ್ಕೆ ದಾರ ಸಿಕ್ಕಿಸುವಾಗ ಬೆರಳೂ ಸಿಕ್ಕಿತು. ಬಿಡಿಸಿಕೊಳ್ಳುವಷ್ಟರಲ್ಲಿ ಮನೆಯಾಕೆ ಬಂದೇ ಬಿಟ್ಟರು.

"ರೀ, ಹಾಲಿನ ಪಾತ್ರೆಯಲ್ಲಿ ಎಂತ ಬೇಯಿಸ್ತಿದ್ದೀರಿ?"

ಉತ್ತರಕ್ಕೆ ಕಾಯದೆ ಅವರೂ ಬಗ್ಗಿ ನೋಡಿದರು. ತಳದಲ್ಲಿ ಸಾಸಿವೆಯಷ್ಟು ಗುಳ್ಳೆಗಳು. 70. 74. ವಾಲ್ವಿನ ಅಂಚಿನ ತೂತಿನಲ್ಲಿ ಗಾಳಿ ಹೋಗಲೆಂದು ಸಡಿಲ ಬಿಟ್ಟ ಪುಟ್ಟ ಪಿನ್ನು ಗೆಜ್ಜೆಯ ಹಾಗೆ ಅಲುಗುತ್ತಿತ್ತು. 77ರಲ್ಲಿ ಒಂದು ದಾರ ಸಡಿಲಾಯಿತು, ಟಣ್! ಇನ್ನೊಂದು ಅಲುಗಲಿಲ್ಲ. 80. 81. ಇಬ್ಬರೂ ಉಸಿರು ಬಿಗಿಹಿಡಿದರು. 82 ದಾಟಿ ಎರಡು ಗೆರೆ, ಟಣ್! ಮನೆಯಾಕೆ ಚಪ್ಪಾಳೆ ತಟ್ಟಿದರು. ಉರಿ ಏರಿಸಿ 95ರ ಹತ್ತಿರ ಇಕ್ಕಳದಲ್ಲಿ ಎತ್ತಿ ನೋಡಿದರೆ ಎರಡರ ಬಾಗಿಲೂ ಹಾರುಹೊಡೆದು ನಿಂತಿದ್ದವು. ಎರಡಕ್ಕೂ ಒಂದು ಕೂದಲಿನ ವ್ಯತ್ಯಾಸವಿಲ್ಲ.

ಉತ್ತರ ಅಲ್ಲೇ, ಇಕ್ಕಳದ ತುದಿಯಲ್ಲಿತ್ತು. ಘಾಟಿ ಹತ್ತುವಾಗ ಯಾವ ನಂಬರಿನ ವಾಲ್ವಾದರೂ ಪೂರ್ತಿ ತೆರೆದೇ ಇರುತ್ತದೆ. ಅಲ್ಲಿಂದ ಮುಂದೆ ಕಾಪಾಡುವುದು ರೇಡಿಯೇಟರು, ಫ್ಯಾನು, ತುಕ್ಕಿಲ್ಲದ ನೀರು. ವಾಲ್ವಿನ ಮೇಲಿನ ಅಂಕಿ ಎಂಜಿನ್ನಿನ ಬಿಸಿಗೆ ಹಾಕಿದ ಮೇಲಿನ ಗೆರೆಯಲ್ಲ, ಕೆಳಗಿನ ಗೆರೆ. 76.5 ಹಾಕಿದರೆ ಆಗುಂಬೆಯಲ್ಲಿ ಲಾಭವಿಲ್ಲ. ಬದಲಾಗುವುದು ಶಾಲೆಯ ದಾರಿಯಲ್ಲಿ, ಸಪಾಟು ರಸ್ತೆಯಲ್ಲಿ. ಅಲ್ಲಿ ನೀರು ಐದಾರು ಡಿಗ್ರಿ ತಂಪು, ಅದರ ಹಿಂದೆ ಆಯಿಲ್ಲೂ ಹೆಚ್ಚುಕಮ್ಮಿ ಅಷ್ಟೇ ತಂಪು.

ತಂಪಿನ ಪರವಾಗಿಯೂ ಮಾತಿಲ್ಲದಿಲ್ಲ. ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ ಎನ್ನುವುದು ಮೇಷ್ಟರದೇ ಪಾಠ. ಬಿಸಿ ಏರಿದಷ್ಟೂ ಆಯಿಲ್ ಬೇಗ ಕಮರುತ್ತದೆ. ಆದರೆ ಒಳ್ಳೆಯ ಆಯಿಲ್ಲಿಗೆ ನೂರರ ಆಸುಪಾಸು ಏನೂ ಅಲ್ಲ, ಅದಕ್ಕೆ ಕಷ್ಟ ಶುರುವಾಗುವುದು 120 ದಾಟಿದ ಮೇಲೆ. ಆಯಿಲ್ ಡಬ್ಬದ ಮೇಲಿನ 20ಡಬ್ಲ್ಯು-50ರಲ್ಲಿ 50 ಎನ್ನುವುದೇ 100 ಡಿಗ್ರಿಯಲ್ಲಿ ಅಳೆದ ಮಂದತೆ. ಎಣ್ಣೆ ಅರೆದವನೇ ಅದನ್ನು ಬಿಸಿಯಾಗಿ ಬಡಿಸಲು ಮಾಡಿದ್ದ. ತಂಪಿನ ಕೆಡುಕು ಬೇರೆ ಥರದ್ದು. 1930ರ ದಶಕದಲ್ಲೇ ಇಂಗ್ಲೆಂಡಿನ ಆಟೋಮೊಬೈಲ್ ಎಂಜಿನಿಯರುಗಳ ಸಂಸ್ಥೆಗಾಗಿ ಸಿ. ಜಿ. ವಿಲಿಯಮ್ಸ್ ಸಿಲಿಂಡರುಗಳು ಸವೆಯುವುದನ್ನು ಅಳೆದು ನೋಡಿದ್ದರು. ಗೋಡೆ ತಣ್ಣಗಿದ್ದಾಗ, ಉರಿದದ್ದರ ಆವಿ ಅಲ್ಲೇ ನೀರಾಗಿ, ಆಮ್ಲ ಸೇರಿ, ಕಬ್ಬಿಣವನ್ನು ತಿನ್ನುತ್ತಿತ್ತು. ಉಜ್ಜಿ ಸವೆದದ್ದಕ್ಕಿಂತ ತುಕ್ಕು ಹಿಡಿದು ಸವೆದದ್ದು ಹೆಚ್ಚು. ಆಗಿನ ಪೆಟ್ರೋಲಿನಲ್ಲಿ ಗಂಧಕ ಬೇಕಾದಷ್ಟಿತ್ತು. 2020ರ ಏಪ್ರಿಲ್‌ನಿಂದ ನಮ್ಮ ಬಂಕುಗಳಿಗೆ ಬಂದ ಭಾರತ್ ಸ್ಟೇಜ್ 6 ಪೆಟ್ರೋಲಿನಲ್ಲಿ ಅದು ಹೆಚ್ಚೆಂದರೆ ದಶಲಕ್ಷಕ್ಕೆ 10 ಪಾಲು. ಗಂಧಕ ಹೋಯಿತು, ನೀರು ಎಲ್ಲಿಗೂ ಹೋಗಲಿಲ್ಲ.

ಬೆಂಗಳೂರಿನ ಅಳಿಯನ ಕಾರಿನಲ್ಲಂತೂ ವಾಲ್ವು ಕೀಳುವ ಆಟ ನಡೆಯುವುದೇ ಇಲ್ಲ. ಅದರ ಕಂಪ್ಯೂಟರು ನೀರಿನ ಬಿಸಿ ನೋಡಿಯೇ ಪೆಟ್ರೋಲ್ ಬಡಿಸುತ್ತದೆ. ವಾಲ್ವು ಕಿತ್ತರೆ ಎಂಜಿನ್ನಿಗೆ ಇನ್ನೂ ಬೆಳಗಾಗಿಲ್ಲವೆಂದು ತಿಳಿದು ಸುರಿಯುತ್ತಲೇ ಇರುತ್ತದೆ, ಕೊನೆಗೆ ಹಳದಿ ದೀಪ ಹಚ್ಚಿ ದೂರು ಕೊಡುತ್ತದೆ.

82ನ್ನು ಶಿಷ್ಯನೇ ಕೂರಿಸಿದ, ಗೆಜ್ಜೆಯ ಪಿನ್ನು ಮೇಲಕ್ಕೆ ಬರುವ ಹಾಗೆ. ಕೆಂಪು ರಾಡಿ ತೊಳೆದು ಕೂಲೆಂಟ್ ತುಂಬಿದ, ನೀರುಬೆರಕೆ ಆಯಿಲ್ ಬಸಿದು ಹೊಸದು ಹಾಕಿದ. ಮೇಷ್ಟರು ದಹನದ ಸಮೀಕರಣವನ್ನು ಬಾನೆಟ್ಟಿನ ಧೂಳಿನ ಮೇಲೆ ಬೆರಳಲ್ಲಿ ಬರೆದು ತೋರಿಸಿದಾಗ ಅವನು ಒಂಬತ್ತು ಅಣುಗಳನ್ನು ಬಹಳ ಹೊತ್ತು ನೋಡಿ, "ಇದನ್ನ ನೀವು ಆಗ ಹೀಗೆ ಹೇಳ್ಲೇ ಇಲ್ಲ ಸಾರ್" ಎಂದ. ಶಾಲೆಗೆ ಹೋಗುವಾಗ ಮುಳ್ಳು ಮಲಗಿದಲ್ಲಿಂದ ಎದ್ದು ನಡುವೆ ಬಂದು ಕೂರತೊಡಗಿತು. ಮೊದಮೊದಲು ಮೇಷ್ಟರಿಗೆ ಅದನ್ನು ಕಂಡರೆ ಆಗುಂಬೆ ನೆನಪಾಗಿ ಹೊಟ್ಟೆ ಕಿವುಚುತ್ತಿತ್ತು. ಎರಡೂವರೆ ಕಿಲೋಮೀಟರಿಗೆ ಆಯಿಲ್ ಪೂರ್ತಿ ಬಿಸಿಯಾಗುವುದು ಆಗಲೂ ಅಷ್ಟಕ್ಕಷ್ಟೆ. ಹಾಗಾಗಿ ವಾರಕ್ಕೊಮ್ಮೆ ಮಂಡಗದ್ದೆಯವರೆಗೆ ಹೋಗಿ ಹಕ್ಕಿ ನೋಡಿ ಬರುವ ಅಭ್ಯಾಸವಾಯಿತು. ಎಂಜಿನ್ನಿನ ಆರೋಗ್ಯಕ್ಕೆ ಎಂದು ಮನೆಯಲ್ಲಿ ಹೇಳಿದ್ದರು.

ಹಾಲಿನ ಪಾತ್ರೆಯನ್ನು ಮನೆಯಾಕೆ ಮತ್ತೆ ಒಳಗೆ ಸೇರಿಸಲಿಲ್ಲ. ಅದು ಗ್ಯಾರೇಜಿನ ಮೊಳೆಗೆ ಹೋಗಿ ಕೂತಿತು. ಡಬ್ಬದಲ್ಲಿದ್ದ ಹಳೆಯ ವಾಲ್ವುಗಳನ್ನೆಲ್ಲ ಒಂದೊಂದಾಗಿ ಬೇಯಿಸಿ, ಬದುಕಿದ್ದು ಯಾವುದು ಸತ್ತದ್ದು ಯಾವುದು ಎಂದು ಆರಿಸುವುದು ಅಲ್ಲಿನ ಹುಡುಗರಿಗೆ ಮಳೆಗಾಲದ ಆಟವಾಯಿತು. ಎಷ್ಟಕ್ಕೆ ಬೀಳುತ್ತದೆ ಎಂದು ಟೀ ಮೇಲೆ ಬಾಜಿ ಬೇರೆ.

ಶ್ರಾವಣದ ಒಂದು ಸಂಜೆ ಮೇಷ್ಟರು ಪೇಟೆಯಿಂದ ನಡೆದು ಬರುತ್ತಿದ್ದರು. ಕಂಕುಳಲ್ಲಿ ಕಾಗದ ಸುತ್ತಿದ ಹೊಸ ಹಾಲಿನ ಪಾತ್ರೆ. ಗ್ಯಾರೇಜಿನ ಒಳಗಿನಿಂದ ಟಣ್ ಎಂಬ ಸದ್ದು, ಹಿಂದೆಯೇ ಯಾರೋ "ಎಂಬತ್ತೆರಡೂ!" ಎಂದು ಕೂಗಿದ್ದು ಕೇಳಿಸಿತು. ಕಾಲು ಆ ಕಡೆ ತಿರುಗಿತು. ಅಷ್ಟರಲ್ಲಿ ಏನೋ ಹೊಳೆದು, ಪಾತ್ರೆಯನ್ನು ಕೊಡೆಯ ಮರೆಗೆ ಸರಿಸಿಕೊಂಡು, ಕಾಣದವರ ಹಾಗೆ ಬೇಗ ಬೇಗ ಮನೆ ಕಡೆ ನಡೆದರು.